ಮಾರುತ್ ಸೋಲಲಿಲ್ಲ
ಮಾರುತ್ ಯುದ್ಧವಿಮಾನವನ್ನು ‘ವಿಫಲ ಪ್ರಯೋಗ’ ಎಂದು ಕರೆದ ಲೇಖನ ಓದಿ ನೋವಾಯಿತು. ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಅದು 1961ರ ಜೂನ್‌ನಲ್ಲೇ ಹಾರಿತು. ಮೈಕಟ್ಟು ಶಬ್ದವೇಗ ಮೀರಲೆಂದೇ ಆದದ್ದು. ಸಿಕ್ಕಿದ್ದು ಮಾತ್ರ ಶಕ್ತಿ ಸಾಲದ ಎರಡು ಆರ್ಫಿಯಸ್ ಎಂಜಿನ್. ಹೆಚ್ಚು ಬಲದ ಎಂಜಿನ್ನಿಗೆ ಹಣ ಕೊಡಲು ಸರ್ಕಾರ ಒಪ್ಪಲಿಲ್ಲ. ಆ ತಪ್ಪನ್ನು ವಿಮಾನದ ತಲೆಗೆ ಕಟ್ಟುವುದು ಅನ್ಯಾಯ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆ ದಾಳಿ ಮಾಡಿದ ಮಾರುತ್‌ಗಳಲ್ಲಿ ಕೆಲವು ನೆಲದಿಂದ ಬಂದ ಗುಂಡೇಟಿಗೆ ಬಿದ್ದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ.

ಕೋಲಾರ, ಮುಳಬಾಗಿಲು ಕಡೆಯಿಂದ ಹಳೇ ಮದ್ರಾಸ್ ರಸ್ತೆಯಲ್ಲಿ ಬರುವ ನಾವು ಎಚ್‌ಎಎಲ್‌ಗೆ ತಿರುಗುವುದು ಸುರಂಜನ್ ದಾಸ್ ರಸ್ತೆಯಲ್ಲಿ. ಮಾರುತ್ ಅನ್ನು ಮೊದಲು ಹಾರಿಸಿದ ಪೈಲಟ್ ಈ ಸುರಂಜನ್ ದಾಸ್ ಅವರೇ. ಬಲ ಹೆಚ್ಚಿಸಿದ ಮಾದರಿಯ ಪರೀಕ್ಷೆಯಲ್ಲಿ, 1970ರ ಜನವರಿಯಲ್ಲಿ, ಪ್ರಾಣ ಕೊಟ್ಟವರೂ ಅವರೇ. ಇಡೀ ಲೇಖನದಲ್ಲಿ ಅವರ ಹೆಸರೇ ಇಲ್ಲ.