ಹೀರೋ ‘ಲಕ್ಕಿ’, ವಿಲನ್ ಪುಡಿ!

ಹೀರೋಗೆ ಮಂಡಿ ನೋವು ಬಂದರೆ ಸುದ್ದಿ. ಅವನ ಹಿಂದೆ ಕುಣಿಯೋರಿಗೆ ಬಂದರೆ? ಅವತ್ತಿನ ಕೂಲಿಗೆ ಕತ್ತರಿ, ಅಷ್ಟೇ!

ಮೊನ್ನೆ ಒಂದು ಹಾಡಿನ ಚಿತ್ರೀಕರಣ. ವಿರಾಮದಲ್ಲಿ ಹಿರಿಯ ಗ್ರೂಪ್ ಡ್ಯಾನ್ಸರ್ ಒಬ್ಬಾಕೆ ಮೂಲೆಯಲ್ಲಿ ಕೂತು ಮಂಡಿಗೆ ಬಟ್ಟೆ ಸುತ್ತುತ್ತಿದ್ದರು. ಒಳಗೆ ಹಸಿರು ಎಲೆ. ‘ಏನಕ್ಕಾ ಇದು?’ ಅಂದೆ. ‘ಲಕ್ಕಿ ಸೊಪ್ಪು ಕಣಪ್ಪಾ, ನಮ್ಮವ್ವ ಕಟ್ತಿದ್ಲು.’

ಲಕ್ಕಿ ಅಂದರೆ ಅದೃಷ್ಟ ಅಲ್ಲ ಸ್ವಾಮಿ! ಹಳ್ಳದ ದಂಡೆ, ಹೊಲದ ಬೇಲಿಯಲ್ಲಿ ಬೆಳೆಯೋ ಗಿಡ. ಬೆರಳು ಬಿಚ್ಚಿದ ಹಾಗೆ ಮೂರೋ ಐದೋ ಎಲೆ, ನೀಲಿ ಹೂ, ಘಾಟು ವಾಸನೆ. ಕೆಲವು ಕಡೆ ನೆಕ್ಕಿ ಅಂತಾರೆ, ಆಯುರ್ವೇದದಲ್ಲಿ ನಿರ್ಗುಂಡಿ. ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ, ಹಿತವಾದ ಬಿಸಿಯಲ್ಲಿ ಕಟ್ಟೋದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಹುಷಾರು, ಸುಟ್ಟರೂ ಗೊತ್ತಾಗೋಲ್ಲ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಈ ಎಲೆಯ ಸಾರ ಊತ ಇಳಿಸಿದ್ದುಂಟು. ಮನುಷ್ಯರ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಶಾಖಕ್ಕೆ ನೋವು ಸಡಿಲವಾಗುತ್ತೆ, ನಿಜ. ಸವೆದ ಕೀಲು ಮತ್ತೆ ಬೆಳೆಯೋಲ್ಲ.

ಅಷ್ಟರಲ್ಲಿ ಅಕ್ಕ ಬ್ಯಾಗಿನಿಂದ ಇನ್ನೊಂದು ಪೊಟ್ಟಣ ತೆಗೆದರು. ‘ಸೊಪ್ಪು ನಿಧಾನ. ಈ ಪುಡಿ ತಿಂದ್ರೆ ಮಾರನೇ ದಿನಾನೇ ಕುಣೀತೀನಿ!’ ಹೆಸರಿಲ್ಲ, ವಿಳಾಸವಿಲ್ಲ. ‘ಗಿಡಮೂಲಿಕೆ’ ಅಂತ ಹೇಳಿ ಕೊಟ್ಟಿದ್ದಂತೆ. ಈ ಪತ್ರಿಕೆ ತೂಗುಹಾಕಿರೋ ಬಸ್ ಸ್ಟ್ಯಾಂಡಿನಲ್ಲೇ ಇಂಥ ಪುಡಿ ಮಾರೋರೂ ಇರ್ತಾರೆ...

ಬೇರು-ನಾರು ಒಂದೇ ರಾತ್ರಿಯಲ್ಲಿ ಕುಣಿಸೋದುಂಟೇ? ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕದ್ದು ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ಕಥೆಯೂ ಸಿನಿಮಾದಂಥದ್ದೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ತಂಡ ಕೀಲುವಾತದಿಂದ ನರಳುತ್ತಿದ್ದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು! 1950ಕ್ಕೆ ನೊಬೆಲ್ ಬಂತು. ಅಡ್ಡ ಪರಿಣಾಮಗಳೂ ಹಿಂದೆಯೇ ಬಂದವು. ವೈದ್ಯರ ಲೆಕ್ಕದಲ್ಲಿ ಅದು ಒಳ್ಳೇ ಔಷಧಿ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಚಂದ್ರನ ಹಾಗೆ ಊದುತ್ತೆ, ಸಕ್ಕರೆ-ಬಿಪಿ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ಕುಣಿದು ಬದುಕೋರಿಗೆ ಮೂಳೆಯೇ ಬಂಡವಾಳ ತಾನೇ?

ಹಾಗಂತ, ಬಹಳ ದಿನದಿಂದ ತಿನ್ನುತ್ತಿರೋರು ಇದನ್ನೋದಿ ಪೊಟ್ಟಣ ಚರಂಡಿಗೆ ಎಸೆದೀರಿ ಮತ್ತೆ! ದೇಹ ತನ್ನ ಪಾಲಿನ ಸ್ಟೀರಾಯ್ಡ್ ತಯಾರಿಸೋದನ್ನೇ ಕಡಿಮೆ ಮಾಡಿರುತ್ತೆ. ತಟಕ್ಕನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ, ‘ಇದನ್ನ ಇಷ್ಟು ದಿನದಿಂದ ತಿಂತಿದ್ದೀನಿ’ ಅಂತ ಹೇಳಿ. ಅವರು ಬೈದರೆ ಬೈಯಲಿ ಬಿಡಿ.