ಕಟ್ಟಿದ ಮನೆಯನ್ನು ಕೊಳ್ಳುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ ಕಾಲದಲ್ಲಿ ಮನೆಯನ್ನು ಕಟ್ಟಿಸುವವನೇ ಅದರಲ್ಲಿ ವಾಸಿಸುವವನೂ ಆಗಿದ್ದನು. ಕೊಪ್ಪಳ ಸೀಮೆಯ ಹಳೆಯ ಮೇಲ್ಮುದ್ದೆಯ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪಾಯವು ಎಷ್ಟು ಆಳಕ್ಕೆ ಇಳಿಯಿತು, ಗೋಡೆಗೆ ಎಂತಹ ಕಲ್ಲು ಬಂದಿತು, ಮಾಳಿಗೆಗೆ ಎಷ್ಟು ಗಾಡಿ ಮಣ್ಣು ಬಿದ್ದಿತು ಎಂಬುದೆಲ್ಲವೂ ಯಜಮಾನನ ಕಣ್ಣೆದುರಿಗೇ ನಡೆಯುತ್ತಿತ್ತು. ಇಂದು ಊರಂಚಿನ ಹೊಸ ಬಡಾವಣೆಗಳಲ್ಲಿ ಮನೆಗಳು ಬಣ್ಣ ಬಳಿದುಕೊಂಡು ಗಿರಾಕಿಯ ದಾರಿ ಕಾಯುತ್ತವೆ. ಕೊಳ್ಳುವವನು ನೋಡುವುದು ಬಣ್ಣವನ್ನು. ಕೊಡುವುದು ಜೀವಮಾನದ ಗಳಿಕೆಯನ್ನು.

ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರನ್ನು ಓದುಗರು ಊಹಿಸಿಕೊಳ್ಳಲಿ. ಭಾನುವಾರ ಮುಂಜಾನೆ ಪತ್ನಿಯೊಡನೆ ಮನೆ ನೋಡಲು ಹೋದರು. ಪೂರ್ವದ ಬಾಗಿಲು, ಹೊಳೆಯುವ ಹಾಸುಗಲ್ಲು, ಅಂಗಳದಲ್ಲಿ ತುಳಸಿಕಟ್ಟೆ. “ಸಂಜೆ ಇನ್ನೊಬ್ಬರು ಬರುವವರಿದ್ದಾರೆ” ಎಂದು ಮಾರುವವನು ಹೇಳಿದುದೇ ತಡ, ಮಾಸ್ತರರು ಮುಂಗಡವನ್ನು ಕೊಟ್ಟುಬಿಟ್ಟರು. ಒಂದು ಮಳೆಗಾಲ ಕಳೆಯಿತು. ಮುಂದಿನ ಚೈತ್ರದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಮಾಸ್ತರರು ಮೂರ್ಖರಲ್ಲ, ನೆಲ, ನೀರು, ಕಾಗದ, ಕರಾರು ಎಂಬ ನಾಲ್ಕನ್ನು ಕುರಿತು ಕೇಳಬೇಕಾದುದನ್ನು ಕೇಳಲಿಲ್ಲ, ಅಷ್ಟೆ.

ಮೊದಲನೆಯದು ನೆಲ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ ತಾಲ್ಲೂಕುಗಳಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಜೋಳಕ್ಕೂ ಕಡಲೆಗೂ ತಾಯಿಯಂತಿರುವ ಎರೆಭೂಮಿ ಗೋಡೆಗೆ ಮಲತಾಯಿ. ನೀರು ಕುಡಿದಾಗ ಅದು ಉಬ್ಬುತ್ತದೆ. ಬಿಸಿಲಿಗೆ ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ವರ್ಷಕ್ಕೊಮ್ಮೆ ಏರಿ ಇಳಿಯುವ ಈ ನೆಲದ ಮೇಲೆ ಕಡಿಮೆ ಆಳದ ಪಾಯ ಹಾಕಿದರೆ ಬಾಗಿಲು ಕಿಟಕಿಗಳ ಮೂಲೆಗಳಿಂದ ಗೋಡೆ ಸೀಳುವುದು ಸಹಜ. ಇದಕ್ಕೆ ಉಪಾಯಗಳಿಲ್ಲವೆಂದಲ್ಲ. ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡುವುದು, ಪಾಯವನ್ನು ಗಟ್ಟಿ ನೆಲದವರೆಗೆ ಇಳಿಸುವುದು, ಗೋಡೆಗಳ ಅಡಿಯಲ್ಲಿ ಸುತ್ತಲೂ ಕಾಂಕ್ರೀಟಿನ ತೊಲೆ ಕಟ್ಟುವುದು ಇವು ಮೇಸ್ತ್ರಿಗಳೂ ಬಲ್ಲ ಕ್ರಮಗಳು. ಇಂತಹ ನೆಲಕ್ಕೆಂದೇ ಬುಡದಲ್ಲಿ ಉಬ್ಬಿದ ಕಂಬಗಳ ಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ರೂಪಿಸಿಕೊಟ್ಟಿದೆ. ಆದರೆ ಪಾಯವು ಮಣ್ಣಿನಲ್ಲಿ ಮುಚ್ಚಿಹೋದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಪಾಯದ ನಕ್ಷೆಯನ್ನೂ ಕೆಲಸದ ಕಾಲದ ಚಿತ್ರಗಳನ್ನೂ ಕೇಳತಕ್ಕದ್ದು; ತನ್ನದೇ ಖರ್ಚಿನಲ್ಲಿ ಒಬ್ಬ ಇಂಜಿನಿಯರನ್ನು ಕರೆತರತಕ್ಕದ್ದು; ಅದೇ ಮೇಸ್ತ್ರಿ ಎರಡು ಮೂರು ವರ್ಷದ ಹಿಂದೆ ಕಟ್ಟಿದ ಮನೆಯನ್ನೂ ನೋಡಿಬರತಕ್ಕದ್ದು.

ಗಂಗಾವತಿಯ ಕಥೆ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಬಳಿಕ ಅದು ಭತ್ತದ ನಾಡಾಯಿತು. ನಿನ್ನೆಯ ಗದ್ದೆ ಇಂದು ಬಡಾವಣೆಯಾದರೂ ಪಕ್ಕದ ಗದ್ದೆಯಲ್ಲಿ ನೀರು ನಿಂತೇ ಇರುತ್ತದೆ. ತೇವವು ಗೋಡೆಯನ್ನು ಏರುತ್ತದೆ. ಅದರೊಡನೆ ಏರಿದ ಉಪ್ಪು ಗಿಲಾವನ್ನು ಉದುರಿಸುತ್ತದೆ. ನೆಲಗಟ್ಟಿನ ಮಟ್ಟದಲ್ಲಿ ತೇವ ತಡೆಯುವ ಪದರವನ್ನು ಹಾಕಿದ್ದಾರೆಯೇ, ಮನೆಯ ನೆಲ ರಸ್ತೆಗಿಂತ ಎತ್ತರದಲ್ಲಿದೆಯೇ, ನಿವೇಶನದ ಅಂಚಿನಲ್ಲಿ ಮುಚ್ಚಿದ ಹೊಲಗಾಲುವೆ ಇದೆಯೇ ಎಂದು ವಿಚಾರಿಸಬೇಕು. ಗೋಡೆಯ ಬುಡಕ್ಕೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ಆ ಬಣ್ಣಕ್ಕೆ ಕಾರಣ ಕೇಳುವುದು ತಪ್ಪಲ್ಲ.

ಎರಡನೆಯದು ನೀರು. ಕುಷ್ಟಗಿ, ಯಲಬುರ್ಗಾ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ವಿಷಯ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಿದರೆ ಹಿರಿಯರ ಎಲುಬು ಕೀಲುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. “ಬೋರಿನಲ್ಲಿ ಮೂರು ಇಂಚು ನೀರು” ಎಂಬ ಮಾತಿಗೆ ಹಿಗ್ಗುವ ಮೊದಲು ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಲೇಸು.

ಮೂರನೆಯದು ಕಾಗದ. ಇಲ್ಲಿ ಆಗುವ ತಪ್ಪುಗಳೇ ಅಧಿಕ. ಹೊಲದಲ್ಲಿ ಮನೆ ಎದ್ದ ಮಾತ್ರಕ್ಕೆ ಹೊಲವು ನಿವೇಶನವಾಗದು. 1964ರ ಭೂಕಂದಾಯ ಕಾಯಿದೆಯಂತೆ ಕೃಷಿಯೇತರ ಪರಿವರ್ತನೆ, ಅಂದರೆ ಜನರ ಮಾತಿನ ‘ಎನ್.ಎ.’, ಆಗಿರಬೇಕು, ಬಡಾವಣೆಯ ನಕ್ಷೆಗೆ ಅನುಮೋದನೆ ಇರಬೇಕು, ಪಟ್ಟಣದೊಳಗಾದರೆ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು. ಸರಕಾರವು ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರು ಮಾಡಿದ ನೆಲವಾಗಿದ್ದರೆ 1978ರ ಕಾಯಿದೆಯಂತೆ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. 1948ರವರೆಗೆ ಈ ನಾಡು ನಿಜಾಮರ ಆಡಳಿತದಲ್ಲಿದ್ದುದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿರುವುದುಂಟು. ಓದಬಲ್ಲವರಿಂದ ಓದಿಸಬೇಕೇ ಹೊರತು ಅರ್ಥವಾಗದೆಂದು ಬದಿಗಿರಿಸಬಾರದು.

ಋಣಭಾರ ಪತ್ರವೊಂದನ್ನೇ ನಂಬುವುದು ಇನ್ನೊಂದು ತಪ್ಪು. ನೋಂದಣಿಯಾದ ವ್ಯವಹಾರವನ್ನು ಮಾತ್ರ ಅದು ತೋರಿಸುತ್ತದೆ. ಬಾಯಿಮಾತಿನ ಪಾಲನ್ನಾಗಲಿ ಮನೆಯ ಹೆಣ್ಣುಮಕ್ಕಳ ಹಕ್ಕನ್ನಾಗಲಿ ತೋರಿಸದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಯಿತು. ಅಣ್ಣತಮ್ಮಂದಿರೆಲ್ಲ ಸಹಿ ಹಾಕಿದ ಪತ್ರದಲ್ಲಿ ಅಕ್ಕನ ಸಹಿ ಇಲ್ಲದಿದ್ದರೆ ಮನೆಯ ಜೊತೆಗೆ ದಾವೆಯನ್ನೂ ಕೊಂಡಂತಾಗುವುದು.

ಅನುಮತಿಯಿಲ್ಲದ ಕಟ್ಟಡದ ಗತಿ ಏನೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯು ಹಂಪೆಯ ಎದುರು ದಡದಲ್ಲಿದೆ. 1988ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಸರಕಾರ ಸಾರಿತ್ತು. ಆದರೂ ಅಲ್ಲಿ ಪ್ರವಾಸಿಗರ ವಸತಿಗೃಹಗಳು ಎದ್ದವು. ವರ್ಷಗಳ ಕಾಲ ವ್ಯಾಪಾರವೂ ನಡೆಯಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರವಿನ ಆದೇಶವನ್ನು ಎತ್ತಿಹಿಡಿಯಿತು; ಮಾರ್ಚಿನಲ್ಲಿ ಅವು ನೆಲಸಮವಾದವು. ಎಷ್ಟೋ ಕಾಲದಿಂದ ನಿಂತಿದೆ ಎಂಬುದು ಹಕ್ಕಿನ ಪುರಾವೆಯಲ್ಲ ಎಂಬ ಪಾಠವನ್ನು ಆ ಗಡ್ಡೆ ಕಲಿಸಿತು. ಆನೆಗೊಂದಿಯ ಸುತ್ತ ನೆಲ ಕೊಳ್ಳುವವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸುವುದು ಕ್ಷೇಮ.

ಕೊನೆಯದು ಕರಾರು. 2016ರ ರೇರಾ ಕಾಯಿದೆಯು ಕೊಳ್ಳುವವನ ಕೈಗೆ ಕೆಲವು ಆಯುಧಗಳನ್ನು ಕೊಟ್ಟಿದೆ. ಮಾರಾಟದ ಕರಾರು ನೋಂದಣಿಯಾಗುವ ಮೊದಲು ನಿರ್ಮಾಪಕನು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣ ಪಡೆಯಕೂಡದು. ಸ್ವಾಧೀನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು. ಆದರೆ 500 ಚದರ ಮೀಟರಿಗೆ ಮೀರದ ನೆಲದ, ಅಥವಾ ಎಂಟಕ್ಕೆ ಮೀರದ ಮನೆಗಳ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರುಗಳಲ್ಲಿ ಒಂದೆರಡು ಮನೆ ಕಟ್ಟಿ ಮಾರುವವರು ಈ ವಿನಾಯಿತಿಯ ನೆರಳಿನಲ್ಲಿಯೇ ಇರುತ್ತಾರೆ. ಅಂತಹ ಕಡೆ 5 ವರ್ಷದ ಹೊಣೆಯನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆ ಗೃಹಪ್ರವೇಶದ ಹೋಳಿಗೆಯೊಡನೆಯೇ ಮುಗಿಯುತ್ತದೆ. ಜೆಸ್ಕಾಂ ವಿದ್ಯುತ್ತು ಕಟ್ಟಡ ಕೆಲಸದ ತಾತ್ಕಾಲಿಕ ಸಂಪರ್ಕವೋ ಶಾಶ್ವತವೋ ಎಂಬುದನ್ನೂ ಕೊನೆಯ ಕಂತಿಗೆ ಮೊದಲೇ ನೋಡಬೇಕು.

ಮಾಸ್ತರರು ಮಾಡಬಹುದಾಗಿದ್ದುದು ಇಷ್ಟೆ: ವೈಶಾಖದ ಮಧ್ಯಾಹ್ನ ಒಮ್ಮೆ, ದೊಡ್ಡ ಮಳೆ ಬಿದ್ದ ಮರುದಿನ ಒಮ್ಮೆ ಮನೆಯನ್ನು ನೋಡುವುದು, ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಡುವುದು, ಮಾಳಿಗೆಯ ಮೇಲೆ ನೀರು ನಿಲ್ಲಿಸಿ ಕೆಳಗಿನ ತಾರಸಿಯನ್ನು ಗಮನಿಸುವುದು, ಮಾರುವವನು ತೋರಿಸಿದ ವಕೀಲನನ್ನು ಬಿಟ್ಟು ತಾವೇ ಆರಿಸಿದ ವಕೀಲನ ಮುಂದೆ ಕಾಗದಗಳನ್ನು ಇಡುವುದು. ಇದಕ್ಕೆಲ್ಲ ತಗಲುವ ವೆಚ್ಚ ಮನೆಯ ಬೆಲೆಯ ಮುಂದೆ ಅತ್ಯಲ್ಪ. ತಡಮಾಡಿದುದಕ್ಕೆ ಮನೆ ಕೈತಪ್ಪಿದರೆ ಇನ್ನೊಂದು ಮನೆ ಸಿಕ್ಕೀತು. ಮೂವತ್ತು ವರ್ಷದ ಉಳಿತಾಯ ಒಮ್ಮೆ ಕೈತಪ್ಪಿದರೆ ಅದನ್ನು ಮತ್ತೆ ಕೂಡಿಸಲು ಇನ್ನೊಂದು ಮೂವತ್ತು ವರ್ಷ ಯಾರಿಗೂ ಸಿಗುವುದಿಲ್ಲ.