‘ಬಂದರು’ ಯಾರ ಪದ?

ಬಾಂದ್ರಾ ರೈಲು ನಿಲ್ದಾಣದ ಫಲಕದಲ್ಲಿ ಮರಾಠಿಯ ‘ವಾಂದ್ರೆ’, ಹಿಂದಿಯ ‘ಬಾಂದ್ರಾ’ ಎರಡೂ ಇವೆ. ಈ ಹೆಸರಿನ ಹಿಂದೆ ಪಾರಸಿಯ ‘ಬಂದರ್’, ಎಂದರೆ ಹಡಗು ತಂಗುವ ಸ್ಥಳ, ಇದೆಯೆಂಬುದು ಪ್ರಚಲಿತ ಅಭಿಪ್ರಾಯ. ಇದೇ ಉಪನಗರದಲ್ಲಿ ಬೆಳೆಯುತ್ತಿರುವ ನನ್ನ ತಂಗಿಯ ಮಗಳು ಈಚೆಗೆ ಕನ್ನಡ ಪಾಠವೊಂದನ್ನು ಓದುತ್ತ, ‘ಅತಿಥಿಗಳು ಬಂದರು’ ಎಂಬಲ್ಲಿ ತಡೆದು ನಕ್ಕಳು. “ಮಾಮಾ, ಅತಿಥಿಗಳು ಕೋತಿಗಳಾ?” ಎಂದು ಕೇಳಿದಳು. ನಾನೂ ನಕ್ಕೆ, ಆದರೆ ಆ ನಗೆ ಬಹಳ ಹೊತ್ತು ಉಳಿಯಲಿಲ್ಲ. ಮಗುವಿಗೆ ಮೊದಲು ಹೊಳೆದದ್ದು ಹಿಂದಿ, ತಾಯ್ನುಡಿ ಅನಂತರದ್ದು.

ಇಲ್ಲಿ ರೂಪ ಹೆಚ್ಚುಕಡಿಮೆ ಒಂದು, ಮೂಲ ಮೂರು. ಹಿಂದಿಯ ಕೋತಿ ಸಂಸ್ಕೃತದ ‘ವಾನರ’ದಿಂದ ಇಳಿದದ್ದು. ಮಂಗಳೂರಿನ ‘ಬಂದರು’ ಪಾರಸಿಯ ಕೊಡುಗೆ. ಅತಿಥಿಗಳ ‘ಬಂದರು’ ನಮ್ಮ ‘ಬರು’ ಧಾತುವಿನ ಭೂತಕಾಲದ ರೂಪ. ತಮಿಳಿನ ‘ವಂದಾರ್’ ಅದರ ದಾಯಾದಿ.

ಮಕ್ಕಳ ಗೊಂದಲ ಕ್ಷಮ್ಯ. ಹಿರಿಯರಾದ ನಾವು ಮಾಡುವ ತಪ್ಪು ಹೆಚ್ಚು ಗಂಭೀರವಾದುದು. ಎರಡು ಪದಗಳು ಒಂದೇ ರೀತಿ ಕೇಳಿಸಿದೊಡನೆ ‘ಇದು ನಮ್ಮದೇ, ಅವರು ಕದ್ದರು’ ಎಂದು ಸಭೆಗಳಲ್ಲಿ ಘೋಷಿಸುತ್ತೇವೆ. ನಮ್ಮ ‘ಹತ್ತಿ’ಗೂ ಮರಾಠಿಯಲ್ಲಿ ಆನೆಯೆಂಬರ್ಥದ ‘ಹತ್ತೀ’ಗೂ ಏನು ಸಂಬಂಧ? ಹಳಗನ್ನಡದ ‘ಪರ್ತಿ’, ತಮಿಳಿನ ‘ಪರುತ್ತಿ’ ನಮ್ಮ ಪದದ ವಂಶವನ್ನು ಹೇಳುತ್ತವೆ. ಪಕಾರವು ಹಕಾರವಾದದ್ದು ಕನ್ನಡದ ನಿಯಮ. ಮರಾಠಿಯದು ಸಂಸ್ಕೃತದ ‘ಹಸ್ತಿನ್’. ಹೋಲಿಕೆ ಬರಿಯ ಆಕಸ್ಮಿಕ. ಆದರೆ ಮರಾಠಿಯ ‘ಅಡಕಿತ್ತಾ’ ನಮ್ಮ ಅಡಕತ್ತರಿಯಿಂದ ಹೋದದ್ದು. ಯಾವುದು ನಂಟು, ಯಾವುದು ಆಕಸ್ಮಿಕ ಎಂಬುದನ್ನು ಧ್ವನಿನಿಯಮಗಳೂ ಹಳೆಯ ರೂಪಗಳೂ ನಿರ್ಣಯಿಸಬೇಕೇ ಹೊರತು ಅಭಿಮಾನವಲ್ಲ.

ಆದುದರಿಂದ ಹೊರನಾಡಿನ ಸಂಘಗಳ ಕನ್ನಡ ತರಗತಿಗಳಲ್ಲಿ ಇಂಥ ಪದಗಳನ್ನು ಅಕ್ಕಪಕ್ಕ ಇಟ್ಟು ಕಲಿಸಬೇಕೆಂಬುದು ನನ್ನ ಸೂಚನೆ. ಮಗುವಿಗೆ ಈಗಾಗಲೇ ಬರುವ ಮರಾಠಿ, ಹಿಂದಿಗಳನ್ನು ಅಡ್ಡಿಯೆಂದು ಬಗೆಯದೆ ಮೆಟ್ಟಿಲಾಗಿ ಬಳಸೋಣ. ವ್ಯತ್ಯಾಸ ತಿಳಿದ ಮಗು ಎರಡು ಭಾಷೆಗಳನ್ನೂ ಗೌರವಿಸುತ್ತದೆ. ತಿಳಿಯದ ಮಗು ಕನ್ನಡವನ್ನು ಕೆಟ್ಟ ಹಿಂದಿಯೆಂದು ಭಾವಿಸೀತು.

ನನ್ನ ಸೋದರಸೊಸೆಗೆ ಅಂದು ಒಂದು ವಾಕ್ಯ ಬರೆಸಿದೆ: “ನಮ್ಮ ಹಿರಿಯರು ಕರಾವಳಿಯಿಂದ ಹಡಗೇರಿ ಮುಂಬಯಿ ಬಂದರಿಗೆ ಬಂದರು.” ಎರಡನ್ನೂ ಅವಳು ಸರಿಯಾಗಿ ವಿವರಿಸಿದಳು. ಕೋತಿಯ ಮಾತು ಮತ್ತೆ ಬರಲಿಲ್ಲ.